4 ಜಿಬಿ ಲ್ಯಾಪ್‌ಟಾಪ್, ಹೋಗಿ ಬರುವ ಕರೆಂಟ್: ಯಾವ ಕೋಡ್ ಎಡಿಟರ್ ಹಾಕಿಕೊಳ್ಳುವುದು?

ಕಳೆದ ತಿಂಗಳು ಒಂದೇ ವಾರದಲ್ಲಿ ಮೂರು ಜನ ನನ್ನ ಹತ್ತಿರ ಒಂದೇ ಪ್ರಶ್ನೆ ಹಿಡಿದುಕೊಂಡು ಬಂದರು. "ಯಾವ ಎಡಿಟರ್ ಹಾಕ್ಕೊಳ್ಳಲಿ?"

ಮೊದಲು ಬಂದವನು ಎಂಜಿನಿಯರಿಂಗ್ ಎರಡನೇ ವರ್ಷದ ಹುಡುಗ. ಚನ್ನಗಿರಿ ಕಡೆಯವನು, ಇಲ್ಲಿ ದಾವಣಗೆರೆಯ ಶಾಮನೂರು ರಸ್ತೆಯ ಹತ್ತಿರ ರೂಮ್ ಮಾಡಿಕೊಂಡಿದ್ದಾನೆ. ಅಣ್ಣ ಬಳಸಿ ಬಿಟ್ಟ ಲ್ಯಾಪ್‌ಟಾಪ್, 4 ಜಿಬಿ ರ್ಯಾಮ್, ಕರಕರ ಎನ್ನುವ ಹಳೇ ಹಾರ್ಡ್ ಡಿಸ್ಕ್. ಎರಡನೆಯವಳು ನನ್ನ ಅಕ್ಕನ ಮಗಳು. ಬೆಂಗಳೂರಿನ ಕಂಪನಿಯ ಕೆಲಸವನ್ನು ವಿದ್ಯಾನಗರದ ಮನೆಯಲ್ಲೇ ಕೂತು ಮಾಡುತ್ತಾಳೆ. ಬರೆಯುವುದು ಜಾವಾ, ಕಂಪನಿ ಕೊಟ್ಟಿರುವುದು 16 ಜಿಬಿ ಯಂತ್ರ. ಮೂರನೆಯವರು ಬಿಸಿಎ ಮಕ್ಕಳಿಗೆ ಸಿ ಮತ್ತು ಪೈಥಾನ್ ಹೇಳಿಕೊಡುವ ಮೇಡಂ. ಅವರ ಲ್ಯಾಬಿನಲ್ಲಿ ಇಪ್ಪತ್ತು ಡೆಸ್ಕ್‌ಟಾಪ್‌ಗಳಿವೆ. ಯುಪಿಎಸ್ ಬ್ಯಾಟರಿ ಸತ್ತು ಎರಡು ವರ್ಷವಾಗಿದೆ.

ಮೂವರಿಗೂ ಬೇರೆ ಬೇರೆ ಉತ್ತರ ಕೊಟ್ಟೆ. ಹುಡುಗನಿಗೆ ಅನುಮಾನ ಬಂತು. "ಅದೆಲ್ಲ ಬ್ಯಾಡಣ್ಣ, ನೀವೇನ್ ಬಳಸ್ತೀರಿ ಅದನ್ನ ಹೇಳಿ ಸಾಕು" ಅಂದ. ನಾನು ಮಂಡಿಪೇಟೆಯ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಂಡು ಜೀವನ ಮಾಡುವವನು. ನನ್ನ ಕೈಗೆ ಒಗ್ಗಿದ್ದು ಅವನ ಲ್ಯಾಪ್‌ಟಾಪಿಗೂ ಒಗ್ಗಬೇಕಲ್ಲ? ಎಡಿಟರ್ ಆರಿಸುವಾಗ ಮೊದಲು ನೋಡಬೇಕಾದದ್ದು ಯಂತ್ರ, ಆಮೇಲೆ ಕೆಲಸ. ರುಚಿ ಬರುವುದು ಇವೆರಡೂ ಮುಗಿದ ಮೇಲೆ. ಇಂಟರ್‌ನೆಟ್‌ನಲ್ಲಿ ನಡೆಯುವ ಜಗಳವೆಲ್ಲ ರುಚಿಯ ಜಗಳ, ಅದಕ್ಕೇ ಮುಗಿಯುವುದಿಲ್ಲ.

ಮೊದಲು ಏನೇನು ನೋಡಬೇಕು

ರ್ಯಾಮ್ ಎಷ್ಟಿದೆ, ಡಿಸ್ಕ್ ಎಸ್‌ಎಸ್‌ಡಿನಾ ಅಥವಾ ಹಳೇ ಹಾರ್ಡ್ ಡಿಸ್ಕಾ. ಇದು ಮೊದಲನೆಯದು. ಎಡಿಟರ್ ಒಂದೇ ಓಡುವುದಿಲ್ಲ ಅನ್ನುವುದು ನೆನಪಿರಲಿ. ಪಕ್ಕದಲ್ಲಿ ಬ್ರೌಸರ್ ಇರುತ್ತದೆ, ಅದರಲ್ಲಿ ಹತ್ತು ಟ್ಯಾಬ್ ಇರುತ್ತವೆ, ಯೂಟ್ಯೂಬ್ ಪಾಠ ಓಡುತ್ತಿರುತ್ತದೆ.

ಎರಡನೆಯದು ಡೇಟಾ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಹಾಕಿಸಿಕೊಂಡು ಫೋನ್ ಹಾಟ್‌ಸ್ಪಾಟ್‌ನಲ್ಲಿ ಓದುವ ಹುಡುಗರೇ ಇಲ್ಲಿ ಜಾಸ್ತಿ. ವಿಎಸ್ ಕೋಡ್ ಅನ್ನುವ ಎಡಿಟರ್ ಸುಮಾರು 100 ಎಂಬಿ. ಫೋನ್ ಆಪ್ ಮಾಡುವ ಆಂಡ್ರಾಯ್ಡ್ ಸ್ಟುಡಿಯೋ 1 ಜಿಬಿ ದಾಟುತ್ತದೆ, ಅದು ಬರೀ ಬಾಗಿಲು. ಒಳಗೆ ಹೋದ ಮೇಲೆ ಎಸ್‌ಡಿಕೆ (ಆಪ್ ಕಟ್ಟುವ ಸಾಮಾನು), ಎಮ್ಯುಲೇಟರ್ (ಪರದೆಯೊಳಗಿನ ನಕಲಿ ಫೋನ್) ಅಂತ ಇನ್ನೂ ಹಲವು ಜಿಬಿ ಕೇಳುತ್ತದೆ.

ಮೂರನೆಯದು ಕರೆಂಟ್. ಬೆಂಗಳೂರಿನವರು ಬರೆಯುವ ಹೋಲಿಕೆಗಳಲ್ಲಿ ಇದು ಇರುವುದೇ ಇಲ್ಲ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಇರುವವರಿಗೆ ಇದೇ ದೊಡ್ಡ ಪ್ರಶ್ನೆ. ಟಪ್ ಅಂತ ಹೋದಾಗ ಬರೆದದ್ದರಲ್ಲಿ ಎಷ್ಟು ಉಳಿಯುತ್ತದೆ?

ಆಮೇಲೆ ಬರುವುದು ಯಾವ ಭಾಷೆಯಲ್ಲಿ ಬರೆಯುತ್ತೀರಿ, ಜೊತೆಗಿರುವವರು ಏನು ಬಳಸುತ್ತಾರೆ, ಕಲಿಯಲು ಎಷ್ಟು ದಿನ ಕೊಡಬಲ್ಲಿರಿ, ಕೋಡ್ ಒಳಗೆ ಕನ್ನಡ ಅಕ್ಷರ ಬರುತ್ತದಾ ಅನ್ನುವವು. ದುಡ್ಡಿನ ಪ್ರಶ್ನೆ ಕೊನೆಗೆ. ಒಳ್ಳೆಯವು ಹೆಚ್ಚುಕಡಿಮೆ ಎಲ್ಲ ಪುಕ್ಕಟೆ ಸಿಗುತ್ತವೆ.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡುತ್ತೇನೆ. ಎಡಿಟರ್ ಬರೆಯುವ ಜಾಗ. ಕಂಪೈಲರ್ ಬರೆದದ್ದನ್ನು ಯಂತ್ರಕ್ಕೆ ಅರ್ಥವಾಗುವ ಹಾಗೆ ಮಾಡುವ ಬೇರೆಯೇ ಪ್ರೋಗ್ರಾಂ. ಬರೆಯುವುದು, ಓಡಿಸುವುದು, ತಪ್ಪು ಹುಡುಕುವುದು ಎಲ್ಲವನ್ನೂ ಒಂದೇ ಮನೆಯಲ್ಲಿ ಇಟ್ಟರೆ ಅದು ಐಡಿಇ. ಈ ವ್ಯತ್ಯಾಸ ಗೊತ್ತಿಲ್ಲದೆ ಹಾಳಾದ ಸಂಜೆಗಳು ಎಷ್ಟೋ.

ನೀಲಿ ಪರದೆಯ ಟರ್ಬೊ ಸಿ

ಇದನ್ನು ಇನ್ನೂ ಹೋಲಿಕೆಗೆ ತರಬೇಕಾ ಅಂತ ಹೊರಗಿನವರು ನಗಬಹುದು. ನಮ್ಮ ಕಡೆ ಲ್ಯಾಬ್‌ಗಳಲ್ಲಿ ಅದು ಇನ್ನೂ ಕೂತಿದೆ, ಹಾಗಾಗಿ ತರಲೇಬೇಕು. ಬೋರ್ಲ್ಯಾಂಡ್ ಕಂಪನಿ ಟರ್ಬೊ ಸಿ ತಂದದ್ದು 1987ರಲ್ಲಿ, ಟರ್ಬೊ ಸಿ ಪ್ಲಸ್ ಪ್ಲಸ್ 1990ರಲ್ಲಿ. ಇವತ್ತಿನ ವಿಂಡೋಸ್‌ನಲ್ಲಿ ನೇರವಾಗಿ ಓಡುವುದಿಲ್ಲ, ಹಳೇ ಡಾಸ್ ಯಂತ್ರದ ವೇಷ ಹಾಕುವ ಡಾಸ್‌ಬಾಕ್ಸ್ ಅನ್ನುವ ಪ್ರೋಗ್ರಾಂ ಒಳಗೆ ಓಡಿಸುತ್ತಾರೆ. ಕಂಟ್ರೋಲ್ ಎಫ್ 9 ಒತ್ತಿದರೆ ಓಡುತ್ತದೆ, ಆಲ್ಟ್ ಎಫ್ 5 ಒತ್ತಿದರೆ ಉತ್ತರ ಕಾಣುತ್ತದೆ. ನಾನೂ ಅದರಲ್ಲೇ ಕಲಿತವನು. ಆ ನೀಲಿ ಬಣ್ಣ ನೋಡಿದರೆ ಇವತ್ತಿಗೂ ಒಂಥರಾ ಪ್ರೀತಿ ಬರುತ್ತದೆ.

ಅದರ ಪರವಾಗಿ ಹೇಳುವುದಿದೆ. ಎಂಥ ಸತ್ತ ಯಂತ್ರದಲ್ಲೂ ಓಡುತ್ತದೆ. ಇಂಟರ್‌ನೆಟ್ ಬೇಡ. ಎಡಿಟರ್, ಕಂಪೈಲರ್, ಸಹಾಯದ ಪುಟ ಎಲ್ಲ ಒಂದೇ ಕಡೆ. ಮೊದಲ ದಿನವೇ ಮಕ್ಕಳು ಪ್ರೋಗ್ರಾಂ ಓಡಿಸುತ್ತಾರೆ.

ಈಗ ಇನ್ನೊಂದು ಮಗ್ಗುಲು. ಚನ್ನಗಿರಿಯ ಹುಡುಗ ಅದರಲ್ಲಿ ಅಡಿಕೆ ಲೆಕ್ಕದ ಪ್ರೋಗ್ರಾಂ ಬರೆದಿದ್ದ. ಮನೆಯಲ್ಲಿ ತೋಟ ಇದೆ, ಉತ್ಸಾಹ. ಒಂದು ಕ್ವಿಂಟಲ್ ರಾಶಿ ಅಡಿಕೆಗೆ 50,000 ರೂಪಾಯಿ ಅಂತ ಕೊಟ್ಟಿದ್ದಾನೆ, ಕಮಿಷನ್, ಹಮಾಲಿ ಕಳೆಯುವುದು ಮುಂದಿನ ಸಾಲು. ಅಲ್ಲಿಗೆ ಹೋಗುವ ಮೊದಲೇ ಪರದೆಯ ಮೇಲೆ ಮೈನಸ್ 15,536 ಬಂತು. "ಯಾಕಣ್ಣ ಹಿಂಗ್ ಬರ್ತತಿ? ನಮ್ಮಪ್ಪನೇ ಮಂಡಿಯವ್ರಿಗೆ ದುಡ್ ಕೊಡ್ಬೇಕಾ?" ಅಂತ ಕೇಳಿದ. ಅವನು ಬರೆದದ್ದರಲ್ಲಿ ತಪ್ಪಿರಲಿಲ್ಲ. ಟರ್ಬೊ ಸಿ 16 ಬಿಟ್ ಕಾಲದ್ದು. ಅದರಲ್ಲಿ ಸಾದಾ ಪೂರ್ಣಾಂಕ 32,767ರ ತನಕ ಮಾತ್ರ ಹಿಡಿಯುತ್ತದೆ. ಅಲ್ಲಿಂದ ಮೇಲೆ ಹೋದರೆ ಗಿರಕಿ ಹೊಡೆದು ಕೆಳಗೆ ಬೀಳುತ್ತದೆ. 50,000ದಿಂದ 65,536 ಕಳೆಯಿರಿ, ಆ ಮೈನಸ್ ಸಿಗುತ್ತದೆ. ಇವತ್ತಿನ ಯಾವ ಕಂಪೈಲರ್‌ಗೆ ಕೊಟ್ಟರೂ ಅದೇ ಪ್ರೋಗ್ರಾಂ ನೆಟ್ಟಗೆ 50,000 ತೋರಿಸುತ್ತದೆ.

ಹೀಗಾಗಿ ನನ್ನ ಅಭಿಪ್ರಾಯ: ಲ್ಯಾಬ್ ಪರೀಕ್ಷೆ ಟರ್ಬೊದಲ್ಲೇ ಇದ್ದರೆ ಪರೀಕ್ಷೆಗೆ ಹದಿನೈದು ದಿನ ಮುಂಚೆ ಅದರಲ್ಲಿ ಕೈ ಆಡಿಸಿಕೊಳ್ಳಿ. ಉಳಿದ ದಿನ ಬೇಡ. ಇಲ್ಲಿ ಕಲಿತ ಕೆಲವು ಅಭ್ಯಾಸ, ಪರದೆ ಒರೆಸುವ ಆ ಕಾನಿಯೋ ಹೆಡರ್ ಥರದವು, ಆಚೆ ನಡೆಯುವುದಿಲ್ಲ. ಕರೆಂಟ್ ಹೋದರಂತೂ ನೀವು ಎಫ್ 2 ಒತ್ತಿ ಉಳಿಸಿದ್ದಷ್ಟೇ ನಿಮ್ಮದು.

ವಿಎಸ್ ಕೋಡ್

ಎಲ್ಲರೂ ಹೇಳುವ ಹೆಸರು. ಪ್ರೋಗ್ರಾಮರ್‌ಗಳು ಪ್ರಶ್ನೆ ಕೇಳುವ ತಾಣ ಸ್ಟಾಕ್ ಓವರ್‌ಫ್ಲೋದವರ 2024ರ ಸಮೀಕ್ಷೆಯಲ್ಲಿ ಉತ್ತರಿಸಿದವರಲ್ಲಿ ಹೆಚ್ಚುಕಡಿಮೆ ನಾಲ್ಕಕ್ಕೆ ಮೂರು ಪಾಲು ಇದನ್ನೇ ಬಳಸುತ್ತೇವೆ ಅಂದಿದ್ದರು. ಮೈಕ್ರೋಸಾಫ್ಟ್ ಇದನ್ನು ಹೊರಗೆ ತೋರಿಸಿದ್ದು 2015ರಲ್ಲಿ. ಪುಕ್ಕಟೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಯಾವ ಭಾಷೆ ಬೇಕೋ ಅದರ ಎಕ್ಸ್‌ಟೆನ್ಶನ್ (ಮೇಲಿಂದ ಸೇರಿಸುವ ಸಣ್ಣ ಪ್ರೋಗ್ರಾಂ) ಹಾಕಿಕೊಂಡರೆ ಆಯಿತು.

ಹೊಸಬರು ಎಡವುವುದು ಒಂದೇ ಜಾಗದಲ್ಲಿ. ವಿಎಸ್ ಕೋಡ್ ಹಾಕುತ್ತಾರೆ, ಸಿ ಎಕ್ಸ್‌ಟೆನ್ಶನ್ ಹಾಕುತ್ತಾರೆ, ಪ್ರೋಗ್ರಾಂ ಬರೆದು ಓಡಿಸುತ್ತಾರೆ. "ಜಿಸಿಸಿ ಅನ್ನುವುದು ನನಗೆ ಗೊತ್ತಿಲ್ಲ" ಅಂತ ಕೆಳಗೆ ಬರುತ್ತದೆ. ಜಿಸಿಸಿ ಅಂದರೆ ಸಿ ಕಂಪೈಲರ್. ಎಡಿಟರ್ ಕೆಟ್ಟಿದೆ ಅಂತ ತೆಗೆದು ಮತ್ತೆ ಹಾಕುತ್ತಾರೆ, ಇನ್ನೂ 100 ಎಂಬಿ ಹೋಯಿತು. ಮೇಲೆ ಹೇಳಿದೆನಲ್ಲ, ಇದು ಬರೆಯುವ ಜಾಗ ಮಾತ್ರ. ವಿಂಡೋಸ್‌ನಲ್ಲಿ ಕಂಪೈಲರ್ ಬೇರೆ ಹಾಕಬೇಕು, ಅದು ಎಲ್ಲಿದೆ ಅಂತ ಪಾತ್ ಅನ್ನುವ ಪಟ್ಟಿಯಲ್ಲಿ ಸೇರಿಸಬೇಕು, ಎಡಿಟರ್ ಮುಚ್ಚಿ ತೆರೆಯಬೇಕು. ಗೊತ್ತಿದ್ದವರಿಗೆ ಅರ್ಧ ಗಂಟೆ. ಗೊತ್ತಿಲ್ಲದವರಿಗೆ ಒಂದು ಭಾನುವಾರ.

ಎರಡನೆಯ ತೊಡಕು ಭಾರ. ಇದು ಎಲೆಕ್ಟ್ರಾನ್ ಮೇಲೆ ಕಟ್ಟಿದ್ದು. ಒಳಗೆ ಒಂದು ಕ್ರೋಮಿಯಂ ಬ್ರೌಸರೇ ಕೂತಿದೆ ಅನ್ನಿ. ಕಂಪನಿ ಬರೆದಿರುವ ಕನಿಷ್ಠ ಲೆಕ್ಕ 1 ಜಿಬಿ ರ್ಯಾಮ್. ಅದು ಬರೀ ಎಡಿಟರ್‌ನ ಮಾತು. ಹುಡುಗನ ಲ್ಯಾಪ್‌ಟಾಪ್‌ನಲ್ಲಿ ಎಕ್ಸ್‌ಟೆನ್ಶನ್ ಎಣಿಸಿ ನೋಡಿದರೆ ಮೂವತ್ತೊಂದು ಇದ್ದವು. ಬಣ್ಣ ಬದಲಿಸಲು ಆರು, ಐಕಾನ್‌ಗೆ ಮೂರು, ಪರದೆಯ ಮೂಲೆಯಲ್ಲಿ ಬೆಕ್ಕು ಓಡಾಡಲು ಒಂದು. ಬೆಕ್ಕನ್ನೂ ಸೇರಿಸಿ ಇಪ್ಪತ್ತೇಳು ತೆಗೆದೆವು. ಯಂತ್ರ ಉಸಿರಾಡಿತು. 4 ಜಿಬಿಯಲ್ಲಿ ವಿಎಸ್ ಕೋಡ್ ಓಡುವುದೇ ಇಲ್ಲ ಅನ್ನುವುದು ಸುಳ್ಳು. ನಾಲ್ಕೈದು ಎಕ್ಸ್‌ಟೆನ್ಶನ್, ಬ್ರೌಸರ್‌ನಲ್ಲಿ ಮೂರು ಟ್ಯಾಬ್, ಇಷ್ಟಕ್ಕೆ ನಿಲ್ಲಿಸಿದರೆ ನಡೆಯುತ್ತದೆ. ನಿಲ್ಲಿಸುವುದೇ ಕಷ್ಟ, ಅಲ್ವಾ?

ಕರೆಂಟ್ ವಿಚಾರಕ್ಕೆ ಬಂದರೆ, ಇದರಲ್ಲಿ ಆಟೋ ಸೇವ್ ಇದೆ, ಆದರೆ ಹಾಕಿದ ಕೂಡಲೇ ಅದು ಆನ್ ಇರುವುದಿಲ್ಲ. ಫೈಲ್ ಮೆನುವಿನಲ್ಲಿ ನೀವೇ ಟಿಕ್ ಮಾಡಬೇಕು. ಮಾಡಿದರೆ ಕೈ ನಿಲ್ಲಿಸಿದ ಒಂದು ಸೆಕೆಂಡಿಗೆ ಉಳಿಸುತ್ತದೆ. ನಮ್ಮ ಊರಿನ ಮಟ್ಟಿಗೆ ಹಾಕಿದ ತಕ್ಷಣ ಮಾಡಬೇಕಾದ ಮೊದಲ ಕೆಲಸ ಇದು.

ಮೈಕ್ರೋಸಾಫ್ಟ್ ಮಾಹಿತಿ ಕಳಿಸಿಕೊಳ್ಳುವುದು ಇಷ್ಟವಿಲ್ಲದವರಿಗೆ ವಿಎಸ್‌ಕೋಡಿಯಂ ಇದೆ. ಅದೇ ಮೂಲ ಕೋಡ್‌ನಿಂದ ಮಾಡಿದ್ದು. ದೂರದ ಸರ್ವರ್‌ಗೆ ಕೈ ಹಾಕುವ ಮೈಕ್ರೋಸಾಫ್ಟ್‌ನ ಎಕ್ಸ್‌ಟೆನ್ಶನ್ ಥರದ ಕೆಲವು ಅದರಲ್ಲಿ ಸಿಗುವುದಿಲ್ಲ, ಅಷ್ಟೇ.

ವಿಮ್, ಮತ್ತು ಹಿರಿಯೂರು ಬಸ್ ನಿಲ್ದಾಣದ ಕಥೆ

ನಾನು ವಿಮ್ ಕಲಿತದ್ದು ಪ್ರೀತಿಯಿಂದಲ್ಲ, ಅವಮಾನದಿಂದ. ಬೆಂಗಳೂರಿಗೆ ಹೊರಟಿದ್ದೆ. ಬಸ್ಸು ಹಿರಿಯೂರಿನಲ್ಲಿ ಚಹಾಕ್ಕೆ ನಿಂತಾಗ ಅಂಗಡಿಯವರ ಫೋನ್. "ಬಿಲ್ಲಲ್ಲಿ ಹಳೇ ರೇಟೇ ಬರ್ತತಿ ನೋಡ್ರಿ." ಕಾನ್ಫಿಗ್ ಫೈಲ್‌ನಲ್ಲಿ ಒಂದು ಅಂಕಿ ಬದಲಿಸಬೇಕು, ಎರಡು ನಿಮಿಷದ ಕೆಲಸ. ಲ್ಯಾಪ್‌ಟಾಪ್ ತೊಡೆ ಮೇಲಿಟ್ಟು, ಫೋನ್ ಹಾಟ್‌ಸ್ಪಾಟ್‌ನಲ್ಲಿ ಸರ್ವರ್‌ಗೆ ಹೋದೆ. ಅಲ್ಲಿ ಇದ್ದ ಎಡಿಟರ್ ವಿಐ ಒಂದೇ, ಆ ಹೆಸರಿನಲ್ಲಿ ತೆರೆಯುತ್ತಿದ್ದದ್ದು ವಿಮ್. ಟೈಪ್ ಮಾಡಿದೆ, ಅಕ್ಷರ ಬೀಳುವ ಬದಲು ಸಾಲುಗಳು ಮಾಯವಾದವು. ಹೊರಗೆ ಬರುವುದು ಹೇಗೆ ಅಂತಲೂ ಗೊತ್ತಿಲ್ಲ. ಕಂಡಕ್ಟರ್ ಸೀಟಿ ಊದಿದ. ಲ್ಯಾಪ್‌ಟಾಪ್ ಮಡಚಿಬಿಟ್ಟೆ.

ಬಸ್ಸಿನೊಳಗೆ ಮತ್ತೆ ತೆರೆದಾಗ, ಇದರದ್ದೊಂದು ಅರ್ಧಂಬರ್ಧ ಪ್ರತಿ ಸಿಕ್ಕಿದೆ, ಏನು ಮಾಡಲಿ ಅಂತ ವಿಮ್ ಕೇಳಿತು. ಪಟ್ಟಿಯಲ್ಲಿ 'ರಿಕವರ್' ಅಂತ ಇತ್ತು. ಒಳ್ಳೆಯ ಪದ ಅಲ್ಲವಾ ಅಂತ ಒತ್ತಿದೆ. ಮೂಲ ಫೈಲ್ ಸರಿಯಾಗೇ ಇತ್ತು. ನಾನು ಹಾಳು ಮಾಡಿದ್ದನ್ನೇ ಅದು ನಿಷ್ಠೆಯಿಂದ ವಾಪಸ್ ತಂದುಕೊಟ್ಟಿತು, ನಾನು ಅದನ್ನೇ ಉಳಿಸಿದೆ. ಸಂಜೆಯ ತನಕ ಅಂಗಡಿಯಲ್ಲಿ ಕೈಬರಹದ ಬಿಲ್ಲು.

ಹೊರಗೆ ಬರುವ ದಾರಿ ಇಲ್ಲೇ ಹೇಳಿಬಿಡುತ್ತೇನೆ: ಎಸ್ಕೇಪ್ ಒತ್ತಿ, ಕೋಲನ್ ಹಾಕಿ, ಕ್ಯೂ ಒತ್ತಿ, ಆಶ್ಚರ್ಯ ಚಿಹ್ನೆ ಹಾಕಿ, ಎಂಟರ್. ಏನೂ ಉಳಿಸದೆ ಹೊರಗೆ.

ವಿಐ ಬರೆದದ್ದು ಬಿಲ್ ಜಾಯ್, 1976ರಲ್ಲಿ, ಬರ್ಕ್ಲಿಯಲ್ಲಿ. ಅವರ ಟರ್ಮಿನಲ್‌ನ ಕೀಲಿಮಣೆಯಲ್ಲಿ ಬಾಣದ ಗುರುತುಗಳು ಎಚ್, ಜೆ, ಕೆ, ಎಲ್ ಅಕ್ಷರಗಳ ಮೇಲೇ ಇದ್ದವು. ಅದಕ್ಕೇ ಇವತ್ತಿಗೂ ಆ ನಾಲ್ಕು ಕೀಲಿಯಿಂದ ಓಡಾಟ. ಬ್ರಾಮ್ ಮೂಲೆನಾರ್ ಅದರ ಮಾದರಿಯಲ್ಲೇ, ಇನ್ನಷ್ಟು ಬೆಳೆಸಿ 1991ರಲ್ಲಿ ವಿಮ್ ಹೊರತಂದರು, 2023ರಲ್ಲಿ ತೀರಿಕೊಳ್ಳುವ ತನಕ ಅದನ್ನು ನೋಡಿಕೊಂಡರು. ಬಳಸಿ ಖುಷಿಯಾದರೆ ಉಗಾಂಡಾದ ಮಕ್ಕಳಿಗೆ ಸಹಾಯ ಮಾಡಿ ಅಂತ ತೆರೆದ ಕೂಡಲೇ ಕೇಳುವ ಎಡಿಟರ್ ಇದೊಂದೇ ಇರಬೇಕು.

ಇದರಲ್ಲಿ ಬರೆಯುವ ಸ್ಥಿತಿ ಬೇರೆ, ಆಜ್ಞೆ ಕೊಡುವ ಸ್ಥಿತಿ ಬೇರೆ. ಆಜ್ಞೆಯ ಸ್ಥಿತಿಯಲ್ಲಿ ಅಕ್ಷರಗಳೇ ಕ್ರಿಯಾಪದ. ಉದ್ಧರಣ ಚಿಹ್ನೆಯ ಒಳಗಿರುವ ರೇಟ್ ಬದಲಿಸಬೇಕು ಅನ್ನಿ. ಸಿ, ಐ, ಆಮೇಲೆ ಉದ್ಧರಣ ಚಿಹ್ನೆ. ಮೂರು ಕೀಲಿಗೆ ಒಳಗಿದ್ದದ್ದು ಅಳಿಸಿ, ಕರ್ಸರ್ ಅಲ್ಲೇ ನಿಂತು, ಹೊಸದು ಬರೆಯಿರಿ ಅನ್ನುತ್ತದೆ. ಮುಂದಿನ ಸಾಲಿನಲ್ಲೂ ಅದೇ ಬೇಕಿದ್ದರೆ ಅಲ್ಲಿಗೆ ಹೋಗಿ ಒಂದು ಚುಕ್ಕಿ ಒತ್ತಿದರೆ ಸಾಕು. ಮೌಸ್ ಮುಟ್ಟುವ ಮಾತೇ ಇಲ್ಲ. ಇದು ಕೈಗೆ ಹತ್ತಲು ನನಗೆ ಮೂರು ವಾರ ಹಿಡಿಯಿತು. ಆ ಮೂರು ವಾರ ನನ್ನ ವೇಗ ಅರ್ಧಕ್ಕಿಳಿದಿತ್ತು. ನಾಳೆ ಇಂಟರ್ನಲ್ಸ್ ಇರುವವರು ಇವತ್ತು ವಿಮ್ ಶುರು ಮಾಡಬೇಡಿ.

ಹಳೇ ಯಂತ್ರಕ್ಕೆ ಇದರಷ್ಟು ಹಗುರ ಇನ್ನೊಂದಿಲ್ಲ. 4 ಜಿಬಿ ಇರಲಿ, 1 ಜಿಬಿಯಲ್ಲೂ ಸರಾಗ. ಕರೆಂಟ್ ವಿಚಾರದಲ್ಲೂ ಗಟ್ಟಿ: 200 ಅಕ್ಷರ ಬರೆದಾಗ ಅಥವಾ ನಾಲ್ಕು ಸೆಕೆಂಡ್ ಕೈ ನಿಲ್ಲಿಸಿದಾಗ ಪಕ್ಕದಲ್ಲೊಂದು ಸ್ವಾಪ್ ಫೈಲ್‌ಗೆ ಬರೆದಿಡುತ್ತದೆ. ಆಮೇಲೆ ರಿಕವರ್ ಮಾಡಬಹುದು. ಯಾವುದನ್ನು ರಿಕವರ್ ಮಾಡುತ್ತಿದ್ದೀರಿ ಅಂತ ನೋಡಿ ಮಾಡಿ.

ವಿಮ್‌ನಿಂದ 2014ರಲ್ಲಿ ಕವಲೊಡೆದ ನಿಯೋವಿಮ್‌ನಲ್ಲಿ ಈಗಿನ ಕಾಲದ ಸೌಲಭ್ಯಗಳು ಒಳಗೇ ಬರುತ್ತವೆ. ಅದಕ್ಕೆ ಕಾರಣ ಹೇಳಬೇಕು. ಮೊದಲೆಲ್ಲ ಒಂದೊಂದು ಎಡಿಟರ್‌ಗೂ ಒಂದೊಂದು ಭಾಷೆಯನ್ನು ಬೇರೆ ಬೇರೆಯಾಗಿ ಕಲಿಸಬೇಕಿತ್ತು. 2016ರಲ್ಲಿ ಮೈಕ್ರೋಸಾಫ್ಟ್ ಲ್ಯಾಂಗ್ವೇಜ್ ಸರ್ವರ್ ಅನ್ನುವ ಒಪ್ಪಂದ ಮುಂದಿಟ್ಟಿತು. ಭಾಷೆ ಬಲ್ಲ ಸಹಾಯಕ ಒಬ್ಬನೇ, ಅವನು ಯಾವ ಎಡಿಟರ್ ಜೊತೆಗೂ ಮಾತಾಡಬಲ್ಲ. ಹಾಗಾಗಿ ಕೋಡ್ ಬರೆಯುವಾಗ ವಿಎಸ್ ಕೋಡ್ ಕೊಡುವ ಸಲಹೆಗಳನ್ನೇ ಬಹುಪಾಲು ನಿಯೋವಿಮ್‌ನಲ್ಲೂ, ಇಮ್ಯಾಕ್ಸ್ ಅನ್ನುವ ಇನ್ನೊಂದು ಹಳೇ ಎಡಿಟರ್‌ನಲ್ಲೂ ಪಡೆಯಬಹುದು. ಸಲಹೆ ಚೆನ್ನಾಗಿ ಬರುತ್ತದೆ ಅಂತ ಒಂದು ಎಡಿಟರ್‌ಗೆ ಅಂಟಿಕೊಳ್ಳುವ ಕಾಲ ಹೋಯಿತು. ಆದರೆ ಸಹಾಯಕನೂ ರ್ಯಾಮ್ ತಿನ್ನುತ್ತಾನೆ, ಅದು ಲೆಕ್ಕದಲ್ಲಿರಲಿ.

ಕನ್ನಡ ಬರೆಯುವವರಿಗೆ

ನನ್ನ ಬಿಲ್ಲುಗಳಲ್ಲಿ ಸರಕಿನ ಹೆಸರು ಕನ್ನಡದಲ್ಲೇ ಬರಬೇಕು. ಮೆಕ್ಕೆಜೋಳ, ಶೇಂಗಾ, ಅಕ್ಕಿ ನುಚ್ಚು. ಇಲ್ಲಿ ವಿಮ್ ಸೋಲುತ್ತದೆ. ಅದರ ತಪ್ಪಲ್ಲ, ಅದು ಕೂತಿರುವ ಟರ್ಮಿನಲ್‌ನ, ಅಂದರೆ ಬರೀ ಅಕ್ಷರ ತೋರಿಸುವ ಕಿಟಕಿಯ ತಪ್ಪು. ಬಹಳಷ್ಟು ಟರ್ಮಿನಲ್‌ಗಳು ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಚೌಕ ಕೊಡುತ್ತವೆ, ಒತ್ತಕ್ಷರ ಪಕ್ಕಕ್ಕೆ ಜಾರುತ್ತದೆ. 'ಮೆಕ್ಕೆಜೋಳ' ಚೂರು ಚೂರಾಗಿ ಕಾಣುತ್ತದೆ. ಜೊತೆಗೆ ಕನ್ನಡ ಕೀಲಿಮಣೆ ಆನ್ ಇದ್ದಾಗ ಎಸ್ಕೇಪ್ ಒತ್ತಿ ಜೆ ಒತ್ತಿದರೆ ಕೆಳಗೆ ಹೋಗುವ ಬದಲು ಕನ್ನಡ ಅಕ್ಷರ ಹೋಗುತ್ತದೆ, ಆಜ್ಞೆ ನಡೆಯುವುದಿಲ್ಲ. ದಿನಕ್ಕೆ ನೂರು ಸಲ ಕೀಲಿಮಣೆ ಬದಲಿಸುವ ತಾಳ್ಮೆ ನನಗಿಲ್ಲ.

ವಿಎಸ್ ಕೋಡ್ ಒಳಗೆ ಬ್ರೌಸರ್ ಇರುವುದರಿಂದ ಬ್ರೌಸರ್‌ನಷ್ಟೇ ಚೆಂದ ಕನ್ನಡ ತೋರಿಸುತ್ತದೆ. ಸಾಲುಗಳು ನೇರವಾಗಿ ನಿಲ್ಲುವುದಿಲ್ಲ, ಅದನ್ನು ಸಹಿಸಿಕೊಳ್ಳಬೇಕು. ಬೆರಗಾಗುವ ಹಾಗೆ ತೋರಿಸುವುದು ಇಮ್ಯಾಕ್ಸ್. ಅದನ್ನು ತೆರೆದು ಕಂಟ್ರೋಲ್ ಎಚ್, ಆಮೇಲೆ ಎಚ್ ಒತ್ತಿ. ಲೋಕದ ಭಾಷೆಗಳಲ್ಲಿ ನಮಸ್ಕಾರ ಹೇಳುವ ಪುಟ ಬರುತ್ತದೆ, ಅದರಲ್ಲಿ ನಮ್ಮ 'ನಮಸ್ಕಾರ'ವೂ ಇದೆ. ಕನ್ನಡ ಟೈಪ್ ಮಾಡುವ ವ್ಯವಸ್ಥೆಯೂ ಅದರೊಳಗೇ ಇದೆ. ಕೀಲಿಮಣೆ ಬದಲಿಸುವುದು ಅದರ ಒಳಗೇ ನಡೆಯುವುದರಿಂದ ಆಜ್ಞೆಗಳು ಕೆಡುವುದಿಲ್ಲ.

ಇನ್ನೊಂದು ಮಾತು. ಗಿರಾಕಿ ಸರಕಿನ ಪಟ್ಟಿಯನ್ನು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಕೊಟ್ಟರೆ ಯಾವ ಎಡಿಟರ್‌ನಲ್ಲಿ ತೆರೆದರೂ ಚಿತ್ರವಿಚಿತ್ರ ಗೀಚುಗಳೇ ಕಾಣುತ್ತವೆ. ಎಡಿಟರ್ ಬದಲಿಸಿ ಫಲವಿಲ್ಲ. ಮೊದಲು ಅದನ್ನು ಯೂನಿಕೋಡ್ ಮಾಡಿಕೊಳ್ಳಿ.

ಇಮ್ಯಾಕ್ಸ್ ಬಗ್ಗೆ ಬೇರೆ ಜಾಸ್ತಿ ಹೇಳುವುದಿಲ್ಲ. ಅದೂ 1976ರಲ್ಲಿ ಹುಟ್ಟಿದ್ದು, ಗ್ನೂ ಇಮ್ಯಾಕ್ಸ್ ಬಂದದ್ದು 1985ರಲ್ಲಿ. ಕೋಡ್, ಟಿಪ್ಪಣಿ, ಲೆಕ್ಕ, ಮೇಲ್ ಎಲ್ಲವನ್ನೂ ಒಳಗೇ ಇಟ್ಟುಕೊಳ್ಳುವವರಿಗೆ ಅದರಂಥದ್ದಿಲ್ಲ. 300 ಕೀಲಿಗೆ ಅಥವಾ 30 ಸೆಕೆಂಡ್ ಸುಮ್ನೆ ಬಿಟ್ಟಾಗ ತಾನೇ ಒಂದು ಪ್ರತಿ ಉಳಿಸುತ್ತದೆ. ಎಡಗೈ ಕಿರುಬೆರಳಿಗೆ ಮಾತ್ರ ಕಷ್ಟ, ಎಲ್ಲದಕ್ಕೂ ಕಂಟ್ರೋಲ್ ಒತ್ತಬೇಕು. ತಿಂಗಳುಗಟ್ಟಲೆ ಸಮಯ ಕೊಡುವ ಹುಚ್ಚಿದ್ದರೆ ಹೋಗಿ.

ದೊಡ್ಡ ಮನೆಗಳು: ಇಂಟೆಲಿಜೆ, ಪೈಚಾರ್ಮ್, ಆಂಡ್ರಾಯ್ಡ್ ಸ್ಟುಡಿಯೋ

ಅಕ್ಕನ ಮಗಳಿಗೆ ಹೇಳಿದ್ದು ಇಂಟೆಲಿಜೆ ಐಡಿಯಾ. ಜೆಟ್‌ಬ್ರೈನ್ಸ್ ಅವರದ್ದು, 2001ರಿಂದ ಇದೆ. ಜಾವಾದಲ್ಲಿ ನೂರಾರು ಫೈಲ್‌ಗಳಿರುವ ಹಳೇ ಪ್ರಾಜೆಕ್ಟ್ ಕೈಗೆ ಬಂದಾಗ ಇದರ ಬೆಲೆ ಗೊತ್ತಾಗುತ್ತದೆ. ಒಂದು ಹೆಸರು ಬದಲಿಸಿದರೆ ಅದನ್ನು ಬಳಸಿದ ಕಡೆಯೆಲ್ಲ ಅರ್ಥ ಮಾಡಿಕೊಂಡು ಬದಲಿಸುತ್ತದೆ. ಹುಡುಕಿ ಬದಲಿಸುವ ಹಾಗೆ ಕುರುಡಾಗಿ ಅಲ್ಲ. ತಾನೇ ಉಳಿಸುತ್ತಿರುತ್ತದೆ. ಲೋಕಲ್ ಹಿಸ್ಟರಿ ಅನ್ನುವುದೊಂದಿದೆ, ಗಿಟ್‌ಗೆ (ಕೋಡಿನ ಹಳೇ ಪ್ರತಿಗಳನ್ನು ಕಾಯುವ ವ್ಯವಸ್ಥೆ) ಹಾಕದೆ ಇದ್ದ ನಿನ್ನೆಯ ಕೋಡನ್ನೂ ಅದರಿಂದ ತೆಗೆಯಬಹುದು. ಅವಳು ಒಂದು ಮಧ್ಯಾಹ್ನ ತಪ್ಪು ಆಜ್ಞೆ ಕೊಟ್ಟು ಅರ್ಧ ದಿನದ ಕೆಲಸ ಅಳಿಸಿಕೊಂಡಾಗ ಕಾಪಾಡಿದ್ದು ಅದೇ.

ಕೊಡಬೇಕಾದ ಬೆಲೆ ಕಾಯುವಿಕೆ. ಪ್ರಾಜೆಕ್ಟ್ ತೆರೆದಾಗ ಕೆಳಗೆ 'ಇಂಡೆಕ್ಸಿಂಗ್' ಅಂತ ಪಟ್ಟಿ ಓಡುತ್ತದೆ. ಅವಳು ಅಷ್ಟರಲ್ಲಿ ಒಲೆ ಮೇಲೆ ಚಹಾ ಇಟ್ಟು ಬರುತ್ತಾಳೆ. 8 ಜಿಬಿಗಿಂತ ಕಡಿಮೆ ಇದ್ದರೆ ಇದರ ಆಸೆ ಬಿಡಿ. ದುಡ್ಡು ಕೊಟ್ಟು ಕೊಳ್ಳುವ ಸೌಲಭ್ಯಗಳೂ ಇವೆ. ಕಾಲೇಜಿನಲ್ಲಿ ಓದುವವರಿಗೆ ವಿದ್ಯಾರ್ಥಿ ಲೈಸೆನ್ಸ್ ಪುಕ್ಕಟೆ, ಎಷ್ಟೋ ಮಕ್ಕಳಿಗೆ ಇದು ಗೊತ್ತೇ ಇಲ್ಲ. ಪೈಥಾನ್‌ನವರಿಗೆ ಇದೇ ಮನೆಯ ಪೈಚಾರ್ಮ್. ಕಂಪನಿಯ ಹಳೇ ತಂಡ ಎಕ್ಲಿಪ್ಸ್ ಅನ್ನುವ ಇನ್ನೊಂದು ಐಡಿಇಯಲ್ಲಿದ್ದರೆ ಜಗಳ ಬೇಡ, ಮೊದಲ ತಿಂಗಳು ಅದರಲ್ಲೇ ಇರಿ. ಪಕ್ಕದವರು ನಿಮ್ಮ ಪರದೆ ನೋಡಿ ಸಹಾಯ ಮಾಡುವಂತಿರಬೇಕು.

ಆಂಡ್ರಾಯ್ಡ್ ಆಪ್ ಮಾಡಬೇಕು ಅಂದರೆ ಆಂಡ್ರಾಯ್ಡ್ ಸ್ಟುಡಿಯೋನೇ ರಾಜಮಾರ್ಗ. ಅದೂ ಇಂಟೆಲಿಜೆ ಮೇಲೆ ಕಟ್ಟಿದ್ದು. ಗೂಗಲ್ ಹೇಳುವ ಕನಿಷ್ಠ 8 ಜಿಬಿ, ಎಮ್ಯುಲೇಟರ್ ಸೇರಿದರೆ 16. ಹುಡುಗ ಅವನ 4 ಜಿಬಿಯಲ್ಲಿ ಅದನ್ನೂ ಹಾಕಿ ನೋಡಿದ್ದ. ಫ್ಯಾನ್ ಶಬ್ದ ಪಕ್ಕದ ರೂಮಿಗೆ ಕೇಳುತ್ತಿತ್ತಂತೆ. 8 ಜಿಬಿ ಇರುವವರಿಗೆ ಒಂದು ಉಪಾಯ: ಎಮ್ಯುಲೇಟರ್ ಮುಟ್ಟಬೇಡಿ, ನಿಮ್ಮ ಫೋನನ್ನೇ ಕೇಬಲ್‌ನಿಂದ ಜೋಡಿಸಿ ಅದರಲ್ಲಿ ಓಡಿಸಿ.

ಸಣ್ಣವು, ಬೇಗ ಬೇಗ

ಸಬ್ಲೈಮ್ ಟೆಕ್ಸ್ಟ್ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತದೆ, ದೊಡ್ಡ ಫೈಲ್‌ಗೂ ಹೆದರುವುದಿಲ್ಲ. ಲೈಸೆನ್ಸ್ 99 ಡಾಲರ್. ಪರೀಕ್ಷಿಸಿ ನೋಡಲು ಗಡುವಿಲ್ಲ, ಆಗಾಗ ಕೊಳ್ಳಿ ಅಂತ ಕೇಳುತ್ತದೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ವಿಂಡೋಸ್‌ಗೆ ಮಾತ್ರ, 2003ರಿಂದ ಇದೆ, ಅಂಗಡಿಯ ಕಂಪ್ಯೂಟರ್‌ನಲ್ಲಿ ಒಂದು ಫೈಲ್ ತಿದ್ದಲು ಅದು ಸಾಕು. ಹಳೇ ಯಂತ್ರಕ್ಕೆ ಲಿನಕ್ಸ್ ಹಾಕಿಕೊಂಡವರಿಗೆ ಜಿಯಾನಿ ಹಗುರ, ಒಂದು ಗುಂಡಿಗೆ ಕಂಪೈಲ್ ಮಾಡುತ್ತದೆ, ಇನ್ನೊಂದಕ್ಕೆ ಓಡಿಸುತ್ತದೆ.

ಕೋಪೈಲಟ್, ಕರ್ಸರ್ ಥರದ ಎಐ ಸಹಾಯದ ಬಗ್ಗೆ ಎಲ್ಲರೂ ಕೇಳುತ್ತಾರೆ. ಕರ್ಸರ್ ಅಂದರೆ ವಿಎಸ್ ಕೋಡ್‌ನಿಂದಲೇ ಕವಲೊಡೆದದ್ದು, ಭಾರವೂ ಅಷ್ಟೇ. ಎರಡಕ್ಕೂ ಇಂಟರ್‌ನೆಟ್ ಸದಾ ಇರಬೇಕು. ನಾನು ಕೆಲಸಕ್ಕೆ ಬಳಸುತ್ತೇನೆ. ಮೊದಲ ವರ್ಷದವರು ಮುಟ್ಟಬೇಡಿ ಅನ್ನುತ್ತೇನೆ, ಲ್ಯಾಬ್ ಪರೀಕ್ಷೆಯಲ್ಲಿ ಅದು ಪಕ್ಕದಲ್ಲಿ ಕೂರುವುದಿಲ್ಲ. ಎಡಿಟರ್‌ಗಳಿಗೂ ಆಯಸ್ಸಿದೆ ಅನ್ನುವುದೂ ನೆನಪಿರಲಿ. ಗಿಟ್‌ಹಬ್‌ನ ಆಟಮ್ 2014ರಲ್ಲಿ ಭಾರೀ ಸದ್ದು ಮಾಡಿತ್ತು, 2022ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು.

ಮೂವರಿಗೂ ಹೇಳಿದ್ದು

ಮೇಡಂ ಲ್ಯಾಬಿಗೆ ಎರಡು. ಪೈಥಾನ್‌ಗೆ ಥಾನಿ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಪೈಥಾನ್ ಅದರೊಳಗೇ ಬರುತ್ತದೆ, ಬೇರೆ ಹಾಕುವುದು ಬೇಡ. ಒಂದೊಂದೇ ಹೆಜ್ಜೆ ಓಡಿಸಿ, ಯಾವ ವೇರಿಯಬಲ್‌ನಲ್ಲಿ ಈಗ ಏನಿದೆ ಅಂತ ತೋರಿಸುತ್ತದೆ. ಬೋರ್ಡಿನ ಮೇಲೆ ಡಬ್ಬಿ ಬರೆದು ಪಾಠ ಮಾಡುವವರಿಗೆ ಇದಕ್ಕಿಂತ ಬೇಕಾ? ಸಿ ಭಾಷೆಗೆ ಕೋಡ್ ಬ್ಲಾಕ್ಸ್. ಇಳಿಸಿಕೊಳ್ಳುವಾಗ ಹೆಸರಿನಲ್ಲಿ ಮಿನ್‌ಜಿಡಬ್ಲ್ಯೂ ಅಂತ ಇರುವ ಫೈಲನ್ನೇ ಆರಿಸಿ, ಅದರಲ್ಲಿ ಕಂಪೈಲರ್ ಜೊತೆಗೇ ಇರುತ್ತದೆ. ಎರಡನ್ನೂ ಒಂದು ಸಲ ಇಳಿಸಿ, ಪೆನ್ ಡ್ರೈವ್‌ನಲ್ಲಿ ಇಪ್ಪತ್ತು ಯಂತ್ರಕ್ಕೂ ಹಾಕಿದರಾಯಿತು. ಯುಪಿಎಸ್ ಬ್ಯಾಟರಿ ಮಾತ್ರ ಹಾಕಿಸಲೇಬೇಕು ಮೇಡಂ, ಅದನ್ನು ಯಾವ ಎಡಿಟರ್ರೂ ಸರಿ ಮಾಡುವುದಿಲ್ಲ ಅಂದೆ.

ಹುಡುಗನಿಗೆ ಎಕ್ಸ್‌ಟೆನ್ಶನ್ ಕಡಿಮೆ ಮಾಡಿದ ವಿಎಸ್ ಕೋಡ್, ಆಟೋ ಸೇವ್ ಆನ್. ಅದೂ ನಿಧಾನ ಅನ್ನಿಸಿದರೆ ಜಿಯಾನಿ. ಕೈಯಲ್ಲಿ ಸ್ವಲ್ಪ ದುಡ್ಡು ಕೂಡಿದಾಗ ಹೊಸ ಎಡಿಟರ್ ಹುಡುಕುವ ಬದಲು ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸು, ಉಳಿದರೆ ರ್ಯಾಮ್ ಹೆಚ್ಚಿಸು ಅಂದೆ. ರಜೆಯಲ್ಲಿ ವಿಮ್ ಕಲಿ, ಬೇಕಿದ್ದರೆ. ಅಕ್ಕನ ಮಗಳು ಇಂಟೆಲಿಜೆಯಲ್ಲೇ ಇದ್ದಾಳೆ, ಈಗ ಅದರೊಳಗೆ ವಿಮ್ ಕೀಲಿಗಳ ಪ್ಲಗಿನ್ ಹಾಕಿಕೊಂಡಿದ್ದಾಳೆ. ಹಾಗೂ ಮಾಡಬಹುದು. ವಿಎಸ್ ಕೋಡ್‌ನಲ್ಲೂ ಅಂಥದ್ದಿದೆ.

ಇನ್ನೂ ಎರಡರ ನಡುವೆ ತೂಗುತ್ತಿದ್ದರೆ ಹೀಗೆ ಮಾಡಿ. ಎರಡನ್ನೂ ಹಾಕಿ, ನಿಮ್ಮದೇ ಒಂದು ಪ್ರೋಗ್ರಾಂ ತೆಗೆದುಕೊಳ್ಳಿ, ಒಂದೊಂದರಲ್ಲಿ ಒಂದು ವಾರ ಕೆಲಸ ಮಾಡಿ. ಬೆಳಿಗ್ಗೆ ತೆರೆಯಲು ಎಷ್ಟು ಹೊತ್ತು ಅಂತ ಗಡಿಯಾರ ನೋಡಿ. ಒಂದು ಹೆಸರನ್ನು ಎಲ್ಲ ಕಡೆ ಬದಲಿಸಿ. ಒಂದು ತಪ್ಪನ್ನು ಬೇಕಂತಲೇ ಮಾಡಿ, ಅದನ್ನು ಹೇಗೆ ತೋರಿಸುತ್ತದೆ ನೋಡಿ. ಕೊನೆಗೆ ಹತ್ತು ಸಾಲು ಬರೆದು, ಉಳಿಸದೆ, ಟಾಸ್ಕ್ ಮ್ಯಾನೇಜರ್‌ನಿಂದ ಅದನ್ನು ಕೊಂದು ಮತ್ತೆ ತೆರೆಯಿರಿ. ಎಷ್ಟು ಸಾಲು ಉಳಿದಿವೆ ಎಣಿಸಿ. ಈ ಪರೀಕ್ಷೆಯನ್ನು ಪ್ಲಗ್ ಕಿತ್ತು ಮಾಡಬೇಡಿ. ಹುಡುಗ ಹಾಗೇ ಮಾಡಿದ. ಎಡಿಟರ್ ಹತ್ತೂ ಸಾಲು ಉಳಿಸಿಕೊಂಡಿತ್ತು. ಅದನ್ನು ನೋಡಲು ಮಾತ್ರ ವಿಂಡೋಸ್ ತನ್ನ ಡಿಸ್ಕ್ ತಪಾಸಣೆ ಮುಗಿಸುವ ತನಕ ಮುಕ್ಕಾಲು ಗಂಟೆ ಕಾಯಬೇಕಾಯಿತು.